ವಾಸನೆಯಿಲ್ಲದ ಪಾಲಿಶ್

ಬಂಗಾರಪೇಟೆಯಿಂದ ಹೋಗಿ ಊರಿಗಾಂನ ಒಂದು ಮನೆಯ ಅಡುಗೆಮನೆ ಕಪಾಟುಗಳಿಗೆ ತೇಗದ ಬಾಗಿಲು ಕೂರಿಸಿದ್ದೆ. ಪಾಲಿಶ್ ಒಂದೇ ಬಾಕಿ. ಮನೆಯೊಡತಿ ಸೆಲ್ವಿ ಅಕ್ಕನಿಗೆ ಗಾಜಿನಂಥ ಹೊಳಪು ಬೇಕಿತ್ತು. ಪಾಲಿಶ್‌ಗೆ ಬೆರೆಸುವ ಥಿನ್ನರ್ ಡಬ್ಬಿ ತೆರೆದೆ ಅಷ್ಟೆ, ಅದರ ಘಾಟಿಗೆ ಪಕ್ಕದ ಕೋಣೆಯಲ್ಲಿ ಅವರ ಮಾವನಿಗೆ ಕೆಮ್ಮು ಹತ್ತಿಕೊಂಡಿತು. ಅಲ್ಲಿನ ಚಿನ್ನದ ಗಣಿಯಲ್ಲಿ ದುಡಿದು ದೂಳು ತುಂಬಿಕೊಂಡ ಎದೆ ಅದು. ಉಸಿರು ಸಿಗದೆ ತಾತ ಮಂಚ ಹಿಡಿದು ಬಾಗಿದರು. ಡಬ್ಬಿ ಮುಚ್ಚಿಕೊಂಡು ಅಂಗಳಕ್ಕೆ ಓಡಿದೆ.

ಕೆಮ್ಮು ತಗ್ಗಿದ ಮೇಲೆ ಅಕ್ಕ ಆಚೆ ಬಂದರು.

"ಬಾಗಿಲು ಬಿಚ್ಚಿ ಆಚೆ ಬಳಿದ್ರೂ ಈ ವಾಸನೆ ಬೇಗ ಬಿಡಲ್ಲಕ್ಕಾ. ನೀರಲ್ಲಿ ಕಲ್ಸೋ ಪಾಲಿಶ್ ಬತ್ತದೆ, ಅದು ಆಕಾಣ," ಅಂದೆ.

"ನೀರಲ್ಲಿ ಕಲ್ಸಿದ್ದು ನೀರಿಗೆ ತಡೀತದಾ ಅಣ್ಣಾ?"

ತಡೀತದೆ ಅಂದುಬಿಟ್ಟೆ. ನಾನು ಅದನ್ನು ಅದುವರೆಗೆ ಮುಟ್ಟಿಯೂ ಇರಲಿಲ್ಲ.

ಆ ಪಾಲಿಶ್ ತಂದು, ಬಾಗಿಲುಗಳನ್ನು ಬಿಚ್ಚಿ ಅಂಗಳದಲ್ಲೇ ಹಚ್ಚಿದೆ. ಪೂರ್ತಿ ಒಣಗಿದ ಮೇಲೆ ಒಂದರ ಮೇಲೆ ಒದ್ದೆ ಬಟ್ಟೆ ಹಾಸಿ ಕಾದೆ. ಬಟ್ಟೆ ಎತ್ತಿ ಬೆರಳಾಡಿಸಿ ನೋಡಿದೆ. ಮರ ಉಬ್ಬಿರಲಿಲ್ಲ, ಬಿಳಿ ಕಲೆಯೂ ಇರಲಿಲ್ಲ.

ಮತ್ತೆ ಕೂರಿಸುತ್ತಿದ್ದಾಗ ತಾತ ನಿಧಾನಕ್ಕೆ ಬಂದು ಬಾಗಿಲಿಗೆ ಮೂಗಿಟ್ಟು ಮೂಸಿದರು. ನಾನು ಕೆಲಸ ಬಿಟ್ಟು ಅವರನ್ನೇ ನೋಡಿದೆ. ಕೆಮ್ಮು ಬರಲಿಲ್ಲ. ಅವರು ಸೊಸೆಯ ಕಡೆ ತಿರುಗಿದರು.

"ಈವಯ್ಯನ್ನ ನಂಬ್ಬೇಡಮ್ಮಾ. ವಾಸ್ನೇನೇ ಇಲ್ಲ. ಬರೀ ನೀರು ಬಳ್ದವ್ನೆ!"

ಮೋಸಗಾರ ಅನ್ನಿಸಿಕೊಂಡು ನಾನು ನೆಮ್ಮದಿಯಾಗಿ ನಕ್ಕಿದ್ದು ಅದೊಂದೇ ಸಲ.