ಊಟದ ಬಿಡುವಿನ ಆತ್ಮಕಥೆಗಳು

ಕಾರ್ಮಿಕರ ಗ್ರಂಥಾಲಯವೆಂದರೆ ಹಳೆಯ ದಿನಪತ್ರಿಕೆ, ಬೀಗ ಹಾಕಿದ ಬೀರು ಮತ್ತು ಕೇರಂ ಬೋರ್ಡು ಎಂದು ಎಲ್ಲರೂ ತಿಳಿದಿದ್ದ ಕಾಲದಲ್ಲಿ, ಪೀಣ್ಯದ ನಮ್ಮ ಮೋಟಾರು ಕಾರ್ಖಾನೆಯ ಕ್ಯಾಂಟೀನಿನ ಹಿಂದಿನ ಶೀಟು ಹೊದಿಸಿದ ಕೋಣೆಯಲ್ಲಿ ಕುಳಿತು, ಓದಲು ಬಾರದವರ ಬಳಿಗೂ ಪುಸ್ತಕವನ್ನು ಕೊಂಡೊಯ್ದವರು ಶ್ರೀ ಹನುಮಂತಯ್ಯನವರು. ಅವರ ಗ್ರಂಥಾಲಯ ಸೇವೆಯನ್ನು ಕುರಿತು ಈ ಅಭಿನಂದನ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ನಾನು ಹೇಳಹೊರಟಿರುವುದು ಇಷ್ಟೇ: ಸಂಗೀತಗಾರರ ಆತ್ಮಕಥೆಗಳಲ್ಲಿ ಓದತಕ್ಕದ್ದು ಯಾವುದು, ಬಿಡತಕ್ಕದ್ದು ಯಾವುದು ಎಂಬ ಅವರ ವಿವೇಕವನ್ನು, ಮತ್ತು ಆ ವಿವೇಕದಿಂದ ನಮ್ಮ ನೆಮ್ಮದಿ ಕೆಟ್ಟ ಬಗೆಯನ್ನು. ನೆಮ್ಮದಿ ಕೆಡಿಸಿದವರಿಗೆ ಹಾರ ಹಾಕುವುದು ವಾಡಿಕೆಯಲ್ಲ. ನಾನಂತೂ ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ಎಪ್ಪತ್ತನಾಲ್ಕರಲ್ಲಿ ಅವರು ನಮ್ಮಲ್ಲಿಗೆ ಬಂದಾಗ ನಾನು ತಾಮ್ರದ ತಂತಿ ಸುತ್ತುವ ವಿಭಾಗದಲ್ಲಿದ್ದೆ. ವಯಸ್ಸು ನಲವತ್ತು ದಾಟಿತ್ತು, ಅಕ್ಷರ ಬರುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ನಡೆಯುತ್ತಿದ್ದ ರಾತ್ರಿ ಶಾಲೆಗೆ ನನ್ನನ್ನು ಸೇರಿಸಿದವರು ಅವರೇ. ಮೊದಲ ವಾರ ನಾನು ತಪ್ಪಿಸಿಕೊಂಡಾಗ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಗೇಟಿನ ಬಳಿ ಸೈಕಲ್ಲು ಹಿಡಿದು ನಿಂತು, ನಾನು ಶಾಲೆಯ ಕಡೆ ತಿರುಗುವವರೆಗೂ ಹವೆಯ ಬಗ್ಗೆ ಮಾತನಾಡುತ್ತಿದ್ದರು.

ಊಟದ ಬಿಡುವಿನಲ್ಲಿ ನಾವು ಹೆಂಗಸರು ಬುತ್ತಿ ಬಿಚ್ಚಿ ಕುಳಿತ ಕಡೆ ಬಂದು ಗಟ್ಟಿಯಾಗಿ ಓದುವ ಪದ್ಧತಿಯನ್ನು ಅವರು ಹಾಕಿದರು. ಓದುವ ಮುನ್ನ ನಮ್ಮಲ್ಲೊಬ್ಬರು ನಿನ್ನೆ ಎಲ್ಲಿಗೆ ನಿಂತಿತೆಂದು ಹೇಳಬೇಕು. ಸೈರನ್ ಕೂಗಿದರೆ ವಾಕ್ಯದ ನಡುವೆಯೇ ಪುಸ್ತಕ ಮುಚ್ಚಬೇಕು. ಉಳಿದರ್ಧ ವಾಕ್ಯಕ್ಕಾಗಿ ಸಂಜೆಯವರೆಗೂ ಚಡಪಡಿಸುತ್ತಾ ತಂತಿ ಸುತ್ತಿದ ದಿನಗಳು ಎಷ್ಟೋ.

ಸಂಗೀತದಲ್ಲಿ ಅವರಿಗೆ ಬಹಳ ಪ್ರೀತಿಯಿದ್ದುದರಿಂದ ಮೊದಲು ತಂದದ್ದು ನಾಗಸ್ವರದ ಹಿರಿಯ ವಿದ್ವಾಂಸರೊಬ್ಬರ ಆತ್ಮಕಥೆ. ಅದರಲ್ಲಿ ಪುಟಪುಟಕ್ಕೂ ಶಾಲು, ಪದಕ, ಬಂಗಾರದ ಕಡಗ. ಒಂದು ದಿನ ನಮ್ಮ ಗುಂಪಿನ ಅಂಜಿನಮ್ಮ ಮುದ್ದೆ ಮುರಿಯುತ್ತಲೇ ಹೇಳಿದಳು:

“ಇವ್ರ ಬೀರು ತುಂಬೋಯ್ತು ಬುಡಿ ಸಾ. ಒಟ್ಟೆ ಯಾವಾಗ ಅಸೀತು, ಅದನ್ನೇನಾರ ಬರ್ದವ್ರಾ ನೋಡಿ.”

ಹನುಮಂತಯ್ಯನವರು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಬರೆದಿಲ್ಲಮ್ಮ,” ಎಂದು ಒಪ್ಪಿಕೊಂಡು ಪುಸ್ತಕವನ್ನು ಬೀರುವಿಗೆ ಹಿಂತಿರುಗಿಸಿದರು. ಆಮೇಲೆ ಬಂದದ್ದು ಮೃದಂಗದವರೊಬ್ಬರ ಕಥೆ. ಹಾಡುವವರು ವೇದಿಕೆಯ ಮೇಲೆ ತಾಳ ತಪ್ಪಿದಾಗ ಇವರು ಜಾಣತನದಿಂದ ಮುಚ್ಚಿಹಾಕಿ, ಆ ಉಪಕಾರಕ್ಕಾಗಿ ವಾಪಸ್ಸು ಬರುವಾಗ ರೈಲಿನುದ್ದಕ್ಕೂ ಬೈಸಿಕೊಂಡದ್ದನ್ನು ಓದಿದಾಗ, “ನಮ್ ಸೂಪರ್‌ವೈಸರ್ ಸಂಗೀತಾನೂ ಆಡ್ತಾನಾ ಸಾ?” ಎಂದು ಅಂಜಿನಮ್ಮ ಕೇಳಿ, ಇಡೀ ಗುಂಪು ನೀರು ನೆತ್ತಿಗೇರುವಂತೆ ನಕ್ಕಿತು. ಕಚೇರಿಯ ಬಗ್ಗೆ ಬರೆದವರಿಗಿಂತ ಕಚೇರಿಯ ನಂತರ ಮನೆಗೆ ಹೋದದ್ದನ್ನು ಬರೆದವರ ಪುಸ್ತಕ ಓದತಕ್ಕದ್ದು ಎಂದು ಅವರು ನಮಗೆ ಕಲಿಸಿದರೋ, ನಾವು ಅವರಿಗೆ ಕಲಿಸಿದೆವೋ, ಈಗ ಹೇಳುವುದು ಕಷ್ಟ.

ನಮ್ಮ ಗುಂಪಿನಲ್ಲಿ ವೆಂಕಟಲಕ್ಷ್ಮಿ ಎಂಬ ಹುಡುಗಿಯಿದ್ದಳು. ಗಂಡನ ಹೊಡೆತ ತಾಳಲಾರದೆ ಸೋಲೂರಿನ ಆಚೆಯ ಹಳ್ಳಿಯಿಂದ ಉಟ್ಟ ಬಟ್ಟೆಯಲ್ಲಿ ಬಂದು ಲಗ್ಗೆರೆಯ ಅಕ್ಕನ ಮನೆ ಸೇರಿದವಳು. ಎರಡು ವರ್ಷದ ಮಗಳು ಅತ್ತೆಯ ಬಳಿ ಉಳಿದಿತ್ತು. ಮನೆ ಮಾಡಿದ ಮೇಲೆ ಕರೆತರುತ್ತೇನೆ ಎನ್ನುತ್ತಿದ್ದಳು. ಕೆಲಸ ಖಾಯಂ ಆಯಿತು, ಬಾಡಿಗೆಗೆ ಒಂದು ಕೋಣೆಯೂ ಆಯಿತು, ಗಂಡ ಬೇರೊಬ್ಬಳೊಡನೆ ತುಮಕೂರಿಗೆ ಹೋದ ಸುದ್ದಿಯೂ ಬಂತು. ಅವಳು ಮಾತ್ರ ಊರಿಗೆ ಹೋಗಲಿಲ್ಲ. ಹೋಗು ಎಂದರೆ ಎದ್ದು ಹೋಗಿ ಬುತ್ತಿಯ ಡಬ್ಬಿ ತೊಳೆಯುತ್ತಿದ್ದಳು.

ಎಪ್ಪತ್ತೊಂಬತ್ತರಲ್ಲಿ ಹನುಮಂತಯ್ಯನವರು ಬೇರೆ ಭಾಷೆಯಿಂದ ಕನ್ನಡಕ್ಕೆ ಬಂದಿದ್ದ ಗಾಯಕಿಯೊಬ್ಬರ ಆತ್ಮಕಥೆಯನ್ನು ಓದುತ್ತಿದ್ದರು. ಗಂಡನ ಮನೆಯವರು ಆಕೆಯ ತಂಬೂರಿಯನ್ನು ಅಟ್ಟಕ್ಕೇರಿಸಿದ್ದರು. ಆ ದಿನ ನಿನ್ನೆಯದನ್ನು ಹೇಳುವ ಸರದಿ ವೆಂಕಟಲಕ್ಷ್ಮಿಯದು.

“ಆಯಮ್ಮ ಮಗೀನ ಎತ್ಕಂಡು ಒಸಲ ಮೇಲೆ ನಿಂತಿದ್ರು ಸಾ,” ಎಂದಳು.

ಅವರು ಓದತೊಡಗಿದರು. ಗಾಯಕಿ ಮುಂಬಯಿಯ ಒಂದು ಕೋಣೆಯಲ್ಲಿ ಬೆಳಗಿನ ಸಾಧನೆ ಮಾಡುತ್ತಿದ್ದಾರೆ, ಒಬ್ಬರೇ ಇದ್ದಾರೆ.

“ಸಾ, ಮಗು ಎಲ್ಲೋಯ್ತು?”

“ಮುಂದೆ ಬರುತ್ತದಮ್ಮ.”

“ಮುಂದೆ ಎಂಗ್ ಬತ್ತದೆ ಸಾ? ಅಲ್ಲೇ ಬುಟ್ಟಿದ್ರೆ ಅಲ್ಲೇ ತಾನೆ ಇರೋದು.”

ಅವರು ಓದು ಮುಂದುವರಿಸಿದರು. ಯಾರ ಕಿವಿಗೂ ಅದು ಬೀಳಲಿಲ್ಲ. ಮಾರನೆಯ ದಿನದಿಂದ ವೆಂಕಟಲಕ್ಷ್ಮಿ ಊಟಕ್ಕೆ ನಮ್ಮೊಡನೆ ಕೂರಲಿಲ್ಲ. ಮೆಷಿನ್ನಿನ ಬಳಿಯೇ ನಿಂತು ತಿಂದಳು. ಅವಳ ಕೈಯಲ್ಲಿ ತಂತಿ ಮೇಲಿಂದ ಮೇಲೆ ತುಂಡಾಗುತ್ತಿತ್ತು. ನಾನು ಗ್ರಂಥಾಲಯಕ್ಕೆ ಹೋದಾಗ ಹನುಮಂತಯ್ಯನವರು ಕುಳಿತಲ್ಲಿ ಕೂರಲಾರದೆ ಬೀರುವಿನಿಂದ ಕಿಟಕಿಗೆ, ಕಿಟಕಿಯಿಂದ ಬೀರುವಿಗೆ ಓಡಾಡುತ್ತಿದ್ದರು.

“ಆ ಪುಟ ತಿರುಗಿಸಿಬಿಟ್ಟೆ ಮುನಿಯಕ್ಕ. ಅವಳನ್ನು ಎದುರಿಗೆ ಕೂರಿಸಿಕೊಂಡು ಹೇಗೆ ಓದಲಿ?”

“ನೀವು ತಿರುಗಿಸಿದ್ರೆ ಅವಳಿಗೆ ಗೊತ್ತಾಗಲ್ವಾ ಸಾರ್? ನಮಗೆಲ್ಲ ಅದು ಕಥೆ. ಅವಳಿಗಲ್ಲವಲ್ಲ.”

ಮರುದಿನ ಅವರೇ ಹೋಗಿ ಅವಳನ್ನು ಕರೆತಂದರು. ಅಷ್ಟು ಜನರ ಮುಂದೆ ನಿಂತು, “ನಾನೊಂದು ಪುಟ ಬಿಟ್ಟೆ. ಬಿಡಬಾರದಾಗಿತ್ತು, ಕ್ಷಮಿಸಮ್ಮ,” ಎಂದರು. ವಿದ್ಯಾವಂತರೊಬ್ಬರು ತಂತಿ ಸುತ್ತುವ ಹುಡುಗಿಗೆ ಹಾಗೆಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಪುಟ ತೆರೆದು ಮೊದಲ ಸಾಲಿನ ಮೇಲೆ ಬೆರಳಿಟ್ಟರು. ಪುಸ್ತಕವನ್ನು ನನ್ನ ಕೈಗಿತ್ತರು.

ರಾತ್ರಿ ಶಾಲೆಯ ಹೊರಗೆ ನಾನು ಗಟ್ಟಿಯಾಗಿ ಓದಿದ್ದು ಅದೇ ಮೊದಲು. ಅಕ್ಷರಕ್ಕಕ್ಷರ ಕೂಡಿಸಿ ಓದಿದೆ. ಗಾಯಕಿ ಮಲಗಿದ್ದ ಮಗುವನ್ನು ಅತ್ತೆಯ ಪಕ್ಕದಲ್ಲಿ ಬಿಟ್ಟು ಹೊರಟಿದ್ದರು. ಆರು ತಿಂಗಳ ಮೇಲೆ ಕರೆತರಲು ಹೋದಾಗ ಮಗು ಅಜ್ಜಿಯ ಸೆರಗಿನ ಹಿಂದೆ ಅವಿತುಕೊಂಡಿತು. “ನಾನು ತಿರುಗಿ ಬಂದೆ. ಮತ್ತೆ ಹೋಗಲಿಲ್ಲ,” ಎಂದು ಬರೆದಿದ್ದರು.

“ಯಾಕಂತೆ?” ಎಂದಳು ವೆಂಕಟಲಕ್ಷ್ಮಿ.

“ಬರೆದಿಲ್ಲ ಕಣಮ್ಮ.”

“ಇನ್ನೊಂದ್ಸಲ ನೋಡಕ್ಕ.”

ನೋಡಿದೆ. ಕಾರಣ ಇರಲಿಲ್ಲ. ಸೈರನ್ ಕೂಗಿತು.

ಸಂಜೆ ಅವಳು ಗ್ರಂಥಾಲಯದ ಬಾಗಿಲಲ್ಲಿ ನಿಂತಿದ್ದಳು. “ನಾಳೆ ರಜ ಆಕ್ತೀನಿ ಸಾ. ಒಬ್ಳೇ ಊರ್ಗೋದ್ರೆ ಬಾಗ್ಲು ತೆಗೆಯಕಿಲ್ಲ ಅವ್ರು.” ಹನುಮಂತಯ್ಯನವರು ನನ್ನ ಕಡೆ ತಿರುಗಿ, “ನೀವೂ ಬನ್ನಿ ಮುನಿಯಕ್ಕ, ಹೆಣ್ಣುಮಗಳ ಜೊತೆ ನಾನೊಬ್ಬನೇ ಹೋದರೆ ಊರವರು ಅವಳನ್ನೇ ಆಡಿಕೊಳ್ಳುತ್ತಾರೆ,” ಎಂದರು. ಅಷ್ಟು ದೂರ ಯೋಚಿಸುವವರು ಅವರು.

ಮಾರನೆಯ ದಿನ ಸೋಲೂರಿನ ಆಚೆಯ ಆ ಹಳ್ಳಿಗೆ ಹೋದೆವು. ಬಾಗಿಲು ತೆರೆಯಿತು, ಒಳಗೆ ಕರೆಯಲಿಲ್ಲ. “ನೀವ್ಯಾರು?” ಎಂದಳು ಅತ್ತೆ.

“ಇವರ ಕಾರ್ಖಾನೆಯ ಲೈಬ್ರರಿಯವನು ತಾಯಿ.”

“ಬುಕ್ಕಿನೋರ್ಗೆ ನಮ್ಮಟ್ಟೀಲೇನ್ ಕೆಲ್ಸ?”

“ನನಗೇನೂ ಇಲ್ಲ. ಇವಳ ಮಾತು ಮುಗಿಯುವವರೆಗೂ ಇಲ್ಲೇ ಕೂತಿರ್ತೀನಿ,” ಎಂದು ಜಗಲಿಯ ಮೇಲೆ ಕುಳಿತರು.

ಮಗು ಅಜ್ಜಿಯ ಹಿಂದೆ ಅವಿತಿತು. ವೆಂಕಟಲಕ್ಷ್ಮಿ ಅದನ್ನು ಕರೆಯಲಿಲ್ಲ, ಎಳೆಯಲಿಲ್ಲ. ಅಂಗಳದಲ್ಲಿ ಅತ್ತೆ ಅರ್ಧಕ್ಕೆ ಬಿಟ್ಟಿದ್ದ ಅವರೆಕಾಯಿ ಮೊರದ ಮುಂದೆ ಕುಳಿತು ಸುಲಿಯತೊಡಗಿದಳು. ಬಿಸಿಲು ಇಳಿಯುವವರೆಗೂ ಸುಲಿದಳು. ಯಾವಾಗಲೋ ಮಗು ಬಂದು ಉದುರಿದ ಕಾಳುಗಳನ್ನು ಆರಿಸಿ ಮೊರಕ್ಕೆ ಹಾಕಿತು. ಅತ್ತೆ ಬಹಳ ಹೊತ್ತು ನೋಡುತ್ತಾ ನಿಂತಿದ್ದು, “ಸ್ಕೂಲಿಗ್ ಆಕ್ತೀಯಾ?” ಎಂದು ಕೇಳಿದಳು.

“ಆಕ್ತೀನತ್ತೆ.”

“ನಂಗೂ ವಯಸ್ಸಾಯ್ತು. ಅಬ್ಬಕ್ಕೆ ಕರ್ಕಂಬಾ.”

ಕೊನೆಯ ಬಸ್ಸಿನಲ್ಲಿ ನಾಲ್ವರು ಬಂದೆವು. ಇದನ್ನು ಹನುಮಂತಯ್ಯನವರು ಎಲ್ಲಿಯೂ ಹೇಳಿಕೊಂಡವರಲ್ಲ. ವೆಂಕಟಲಕ್ಷ್ಮಿಯೇ ಬರೆಯಿರಿ ಎಂದದ್ದರಿಂದ ಬರೆದಿದ್ದೇನೆ.

ಆ ಮಗು ಸತ್ಯವತಿ ಈಗ ಹೈಸ್ಕೂಲಿನಲ್ಲಿದ್ದಾಳೆ. ನಿವೃತ್ತರಾದ ಹನುಮಂತಯ್ಯನವರಿಗೆ ಎಲ್ಲರೂ ವಿಶ್ರಾಂತಿಯನ್ನು ಕೋರುತ್ತಿದ್ದಾರೆ. ನಾನು ಕೋರಲಾರೆ. ದೇವರು ಅವರಿಗೆ ನೂರು ವರ್ಷ ಆಯುಸ್ಸನ್ನೂ ಕಣ್ಣಿಗೆ ಬೆಳಕನ್ನೂ ಕೊಡಲಿ. ಅವರು ಭಾನುವಾರಗಳಂದು ಲಗ್ಗೆರೆಯ ವೆಂಕಟಲಕ್ಷ್ಮಿಯ ಮನೆಗೆ ಬರುತ್ತಿರಲಿ. ಅಲ್ಲಿ ಸಿತಾರು ವಾದಕರೊಬ್ಬರ ದಪ್ಪ ಆತ್ಮಕಥೆಯನ್ನು ಸತ್ಯವತಿ ನಮಗೆ ಓದಿ ಹೇಳುತ್ತಿದ್ದಾಳೆ. ಹೋದ ವಾರ ಅದನ್ನು ಮಡಿಲಿಗೆ ಹಾಕಿಕೊಂಡು, “ಅರ್ಧ ಪುಸ್ತಕ ಆಯ್ತು, ಈ ಯಪ್ಪ ಹೆಂಡ್ತಿ ಹೆಸರೇ ಹೇಳಿಲ್ಲ. ತಾತ ಬರ್ಲಿ, ಕೇಳ್ತೀನಿ,” ಎಂದು ಸಿಟ್ಟಾಗಿ ಕುಳಿತಳು. ಅವರು ಬಂದು ಉತ್ತರ ಹೇಳಬೇಕು.