ರುಮೈಥಿಯಾದ ನಿಂಬೆ ವಾಸನೆಯ ಗಿಡಗಳು

೧೯೯೦ರ ಜೂನ್. ಕುವೈತಿನ ಒಂದು ಖಾಸಗಿ ನರ್ಸರಿಯಲ್ಲಿ ನಾನು ಗಿಡಗಳ ರೋಗ ನೋಡುವ ಸೂಪರ್‌ವೈಸರ್ ಆಗಿದ್ದೆ. ತೋಟಗಾರಿಕೆಯಲ್ಲಿ ಪದವಿ, ಅಲ್ಲಿ ಒಂಬತ್ತು ವರ್ಷದ ಕೆಲಸ. ರುಮೈಥಿಯಾದ ಒಂದು ವಿಲ್ಲಾದಿಂದ ಫೋನ್ ಬಂತು: ನಿಂಬೆಗಿಡದ ಎಲೆ ಹಳದಿಯಾಗುತ್ತಿದೆ, ಬಂದು ನೋಡಿ.

ಬಾಗಿಲು ತೆರೆದವರು ಆ ಮನೆಯ ತೋಟದ ಕೆಲಸದ ಬಾಬಣ್ಣ. ಪುತ್ತೂರು ಕಡೆಯವರು, ಐವತ್ತರ ಹತ್ತಿರದ ವಯಸ್ಸು. ಅವರು ನನ್ನನ್ನು ತೋಟಕ್ಕಲ್ಲ, ಏಸಿ ಹಾಕಿದ ಮೇಲಿನ ಕೋಣೆಗೆ ಕರೆದೊಯ್ದರು. ದೀಪಗಳ ಕೆಳಗೆ ಆರು ಕುಂಡಗಳಿದ್ದವು. ಯಜಮಾನರ ತಮ್ಮ ವಿದೇಶದಿಂದ ಬೀಜ ತಂದು ಬಿತ್ತಿ, ನಿಂಬೆಜಾತಿಯ ಗಿಡ ಎಂದು ಹೇಳಿ, ಬೇಸಿಗೆ ಕಳೆಯಲು ಮತ್ತೆ ಹೊರದೇಶಕ್ಕೆ ಹೋಗಿದ್ದನಂತೆ.

ಒಂದು ಎಲೆ ಉಜ್ಜಿ ನೋಡಿದೆ. ನಿಂಬೆಸಿಪ್ಪೆ ಹಿಂಡಿದಂಥ ವಾಸನೆ. ಆದರೆ ಎಲೆ ಏಳು ಸಪೂರ ಬೆರಳುಗಳಾಗಿ ಸೀಳಿತ್ತು, ಗಿಡ ಎದೆಯೆತ್ತರ ಬೆಳೆದಿತ್ತು. ಗಾಂಜಾ, ಎತ್ತರಕ್ಕೆ ಹೋಗುವ ಸಟೈವಾ ಕಡೆಗೆ ವಾಲಿದ ತಳಿ. ನಿಂಬೆಗೆ ಪರಿಮಳ ಕೊಡುವ ಲಿಮೊನೀನ್ ಎಂಬ ಅಂಶ ಕೆಲವು ಗಾಂಜಾ ತಳಿಗಳಲ್ಲೂ ಇರುತ್ತದೆ.

ಪದ್ಧತಿಯಂತೆ ನಾನು ವರದಿ ಕೊಡಬೇಕಾದದ್ದು ಯಜಮಾನರಿಗೆ. ಅವರೇ ಬಾಬಣ್ಣನ ಕಫೀಲ್, ವೀಸಾ ಕೊಟ್ಟವರು. ತಮ್ಮನನ್ನು ಉಳಿಸಲು ಅವರು ನೀರು ಹಾಕಿದ ಬಾಬಣ್ಣನನ್ನು ಪೊಲೀಸರಿಗೆ ತೋರಿಸಿದರೆ ಸಾಕಿತ್ತು. ಹಾಗಾಗಿ ಮೊದಲು ಬಾಬಣ್ಣನಿಗೇ ಹೇಳಿದೆ.

ಅವರು ಹತ್ತಿರದ ಕುಂಡದತ್ತ ಕೈ ಚಾಚಿದರು. "ಮೂರು ತಿಂಗಳಿಂದ ನಾನೇ ನೀರು ಹಾಕಿದ್ದು ಸಾರ್. ಈಗಲೇ ಕಿತ್ತು ಬಿಸಾಡುವುದಾ?"

"ಬೇಡ. ನೀವು ಕಿತ್ತರೆ ಗೊತ್ತಿದ್ದೇ ಬೆಳೆಸಿದ ಹಾಗಾಗ್ತದೆ. ಬನ್ನಿ, ಇಬ್ಬರೂ ಒಟ್ಟಿಗೆ ಹೋಗಿ ಹೇಳುವ."

ಯಜಮಾನರು ಪೂರ್ತಿ ಕೇಳಿಸಿಕೊಂಡರು. "ಇದನ್ನು ಎಲ್ಲಿಯಾದರೂ ಬರೆಯುತ್ತೀರಾ?" ಎಂದರು.

"ಬರೆದರೆ ಬೀಜ ಬಿತ್ತಿದವರು ಯಾರೆಂದೂ ಬರೆಯಬೇಕಾಗುತ್ತದೆ" ಎಂದೆ. ನನ್ನ ಇಕಾಮಾ, ಅಲ್ಲಿ ವಾಸಿಸುವ ಪರವಾನಗಿ, ರದ್ದಾಗಲು ಅವರ ಒಂದು ಫೋನ್ ಸಾಕಿತ್ತು.

ಅವರು ತಾವೇ ಮೇಲೆ ಹೋಗಿ ಆರನ್ನೂ ಕಿತ್ತರು. ಕೆಳಗೆ ಬಂದು ಬಾಬಣ್ಣನತ್ತ ನೋಡದೆ, "ಖಲಾಸ್. ಇವನು ಊರಿಗೆ ಹೋಗಲಿ" ಎಂದರು. ನಾನು ಪೊಲೀಸರಿಗೆ ತಿಳಿಸಲಿಲ್ಲ. ಅದು ಸರಿಯಾಗಿತ್ತೇ ಎಂದು ಇಂದಿಗೂ ಖಚಿತವಾಗಿ ಹೇಳಲಾರೆ. ಹತ್ತು ದಿನದಲ್ಲಿ ಬಾಬಣ್ಣ ವಿಮಾನ ಹತ್ತಿದರು. ಹೊರಡುವಾಗ ನನ್ನ ಜೊತೆ ಮಾತಾಡಲಿಲ್ಲ.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ನಾನು ಜೋರ್ಡಾನಿನ ಶಿಬಿರದಲ್ಲಿ ದಿನಗಟ್ಟಲೆ ಕಾದು, ಸೆಪ್ಟೆಂಬರಿನಲ್ಲಿ ಒಂದು ಚೀಲದೊಂದಿಗೆ ಊರು ಸೇರಿದೆ. ೧೯೯೧ರ ಆರಂಭದಲ್ಲಿ ಬಾಬಣ್ಣನ ಮನೆ ಹುಡುಕಿಕೊಂಡು ಹೋದೆ. "ನೀವಾದರೂ ಮೊದಲೇ ಪಾರಾದಿರಿ" ಎಂದೆ.

ಅವರು ಚಹಾದ ಲೋಟ ಮುಂದಿಟ್ಟರು. "ಯುದ್ಧ ಬಂದದ್ದಕ್ಕೆ ಹಾಗೆ ಕಾಣ್ತದೆ ಸಾರ್. ಬಾರದಿದ್ದರೆ ನಾನು ಕೆಲಸ ಕಳಕೊಂಡವ, ಅಷ್ಟೆ. ಮಗಳ ನರ್ಸಿಂಗ್ ಓದು ಅರ್ಧಕ್ಕೆ ನಿಂತಿದೆ." ಲೋಟವನ್ನು ಇನ್ನಷ್ಟು ನನ್ನತ್ತ ಸರಿಸಿ ಹೇಳಿದರು: "ಆದರೆ ನೀವು ಮೊದಲು ನನಗೆ ಹೇಳಿದಿರಿ. ಅಲ್ಲಿ ಯಾರೂ ಯಾವುದನ್ನೂ ಮೊದಲು ನಮಗೆ ಹೇಳಿದ್ದಿಲ್ಲ."

ಗಿಡ ಗುರುತಿಸುವುದನ್ನು ಕಾಲೇಜು ಕಲಿಸಿತ್ತು. ಗುರುತಿಸಿದ ಮೇಲೆ ಆ ಹೆಸರನ್ನು ಯಾರಿಗೆ ಮೊದಲು ಹೇಳಬೇಕು ಎಂಬುದನ್ನು ಕೆಲಸವೇ ಕಲಿಸಬೇಕಾಯಿತು.