ಸುಣ್ಣದ ಕೆಳಗಿನ ಕುದುರೆ

ಹಂಪಿಯಲ್ಲಿ ಪ್ರತಿ ಕಲ್ಲಿನ ಮುಂದೆಯೂ ನಿಂತು ಮಾತಾಡುವ ಗೈಡ್ ವೀರಭದ್ರಪ್ಪ, ಬಜಾರಿನ ಒಂದೇ ಒಂದು ಮಂಟಪದ ಮುಂದೆ ನಿಲ್ಲಲಿಲ್ಲ. ನಿಲ್ಲದಿದ್ದರೆ ಬಿಡಬೇಕಿತ್ತು. ನಾನು ಬಿಡಲಿಲ್ಲ.

ಹೋದ ಚಳಿಗಾಲದ ಮಾತು. ಬೆಳಗಿನ ರೈಲಿಗೆ ಬಳ್ಳಾರಿಯಿಂದ ಹೊಸಪೇಟೆಗೆ ಬಂದು, ಜಟಕಾ ಹಿಡಿದು ಹಂಪಿ ಸೇರಿದವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬರು ರೈಲಿನಲ್ಲಿ ಪರಿಚಯವಾದ ಮದರಾಸಿನ ಅಧಿಕಾರಿ. ಹಳೆಯ ಕಟ್ಟಡಗಳ ಪಟ್ಟಿ ಮಾಡುವುದು ಅವರ ಕೆಲಸ. ಒಳ್ಳೆಯ ಮನುಷ್ಯ. (ಅದೇ ಕಷ್ಟ. ಕೆಟ್ಟವರಾಗಿದ್ದರೆ ಎಲ್ಲವನ್ನೂ ಅವರ ತಲೆಗೇ ಕಟ್ಟಬಹುದಿತ್ತು.)

ವೀರಭದ್ರಪ್ಪನ ಜೊತೆ ನಡೆಯುವುದೇ ಒಂದು ಮಜ. "ಇಲ್ಲಿ ಮುತ್ತು ಮಾರ್ತಿದ್ರು. ಆ ಕಡಿ ಕುದುರಿ. ಹಡಗಿನ್ಯಾಗ ಬರ್ತಿದ್ವು ಸ್ವಾಮೇರ! ಗೋವಾದಾಗ ಇಳ್ದು, ಘಟ್ಟ ಹತ್ತಿ, ಸೀದಾ ಇಲ್ಲಿಗೆ!"

"ಹಡಗು ನೋಡೀಯೇನಪ್ಪ?" ಎಂದೆ.

"ಕಂಪ್ಲಿ ಹರಿಗೋಲು ಬಿಟ್ರ ನಾ ಬ್ಯಾರೆ ಏನೂ ಹತ್ತಿಲ್ರಿ" ಎಂದು ನಕ್ಕ.

ಆ ಮಂಟಪ ಬಂತು. ಕಂಬಗಳ ನಡುವೆ ಬಿದಿರಿನ ತಟ್ಟಿ, ಒಳಗೆ ಒಲೆಯ ಹೊಗೆ. ವೀರಭದ್ರಪ್ಪ ಹೆಜ್ಜೆ ಜೋರು ಮಾಡಿದ. "ಅಲ್ಲೇನಿಲ್ರಿ, ನಮ್ಮ ಮನಿ. ಜಲ್ದಿ ನಡ್ರಿ, ಬಿಸಲು ಏರ್ತದ."

ಬಜಾರಿನ ಮಂಟಪಗಳಲ್ಲಿ ಸಂಸಾರ ಹೂಡಿದವರು ಬೇಕಾದಷ್ಟು ಮಂದಿ. ಅದರಲ್ಲೇನು ವಿಶೇಷ? ಆದರೆ ನನಗೆ ಬಾಯಾರಿತ್ತು, ನೀರು ಕೇಳಿಕೊಂಡು ಒಳಗೆ ಹೋದೆ. ಅವನ ಹೆಂಡತಿ ಸಿದ್ದಮ್ಮ "ಕುಂದ್ರಿ" ಎಂದು ಚಾಪೆ ಹಾಸಿ, ತಂಬಿಗೆ ನೀರಿನ ಜೊತೆ ಬೆಲ್ಲವನ್ನೂ ಕೊಟ್ಟಳು. ಕಂಬಗಳಿಗೆಲ್ಲ ಸುಣ್ಣ ಬಳಿದಿತ್ತು. ಒಂದು ಕಂಬದ ಮೇಲೆ ಮಾತ್ರ ಸುಣ್ಣ ಬೆರಳು ದಪ್ಪ. ಅದರಡಿಯಲ್ಲಿ ಏನೋ ಉಬ್ಬು. ಉಗುರಿನಿಂದ ಸುಣ್ಣ ಕೆರೆದೆ. ಕುತ್ತಿಗೆ, ಕಡಿವಾಣ, ಪಕ್ಕದಲ್ಲಿ ಉದ್ದ ಟೋಪಿಯ ವ್ಯಾಪಾರಿ. ಹಡಗಿನಲ್ಲಿ ಬಂದ ಕುದುರೆ!

ನಾಲ್ಕು ಪುಸ್ತಕ ಓದಿದವರಿಗೆ ಒಂದು ರೋಗವಿದೆ. ಕಂಡದ್ದನ್ನು ಕೂಡಲೇ ಹೇಳದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. "ಸಾರ್, ಬನ್ನಿ! ಫಸ್ಟ್ ಕ್ಲಾಸ್ ಶಿಲ್ಪ!" ಎಂದು ಕೂಗಿಬಿಟ್ಟೆ. ಅಧಿಕಾರಿ ಬಂದರು, ನೋಡಿದರು, ನನ್ನ ಬೆನ್ನು ತಟ್ಟಿದರು. ನೋಟ್‌ಬುಕ್ ತೆರೆದರು.

ವೀರಭದ್ರಪ್ಪ ಹೊರಗೇ ನಿಂತಿದ್ದ. "ಪಟ್ಟಿಗೆ ಬ್ಯಾಡ್ರಿ ಸಾಹೇಬ್ರ. ನಮ್ಮಪ್ಪನ ಕಾಲದಿಂದ ಸುಣ್ಣ ಹಚ್ಕೋತ ಬಂದೀವಿ. ಸುಣ್ಣ ಇದ್ರ ಅದು ಬರೇ ಕಂಬ, ನಾವು ಇಲ್ಲೇ ಇರ್ತೀವಿ."

ಆಗ ನನಗೆ ಹೊಳೆಯಿತು. ಪಟ್ಟಿ ಸೇರಿದ ಮಂಟಪದಲ್ಲಿ ಒಲೆ ಹಚ್ಚುವಂತಿಲ್ಲ, ಸಂಸಾರ ಮಾಡುವಂತಿಲ್ಲ. "ರೂಲ್ಸ್, ಏನು ಮಾಡಲಿ?" ಎಂದರು ಅಧಿಕಾರಿ. ನಿಜವಾಗಿಯೂ ನೊಂದುಕೊಂಡರು. ನೊಂದುಕೊಂಡೇ ಬರೆದರು.

ಮೊನ್ನೆ ಭಾನುವಾರ ಊರಿಂದ ಬಂದ ಅತ್ತೆಯನ್ನು ಹಂಪಿಗೆ ಕರೆದೊಯ್ದಿದ್ದೆ. ಮಂಟಪದಲ್ಲಿ ತಟ್ಟಿ ಇಲ್ಲ, ಒಲೆ ಇಲ್ಲ. ಕಂಬ ತೊಳೆದು, ಮುಂದೆ ಒಂದು ಬೋರ್ಡು ನೆಟ್ಟಿದ್ದಾರೆ. ಕುದುರೆ ಬಹಳ ಚೆನ್ನಾಗಿದೆ, ಸುಳ್ಳೇಕೆ ಹೇಳಲಿ? ವೀರಭದ್ರಪ್ಪ, ಸಿದ್ದಮ್ಮ ಈಗ ಕಡ್ಡಿರಾಂಪುರದಲ್ಲಿ ಯಾರದೋ ದನದ ಕೊಟ್ಟಿಗೆಯ ಪಕ್ಕ ಗುಡಿಸಲು ಹಾಕಿಕೊಂಡಿದ್ದಾರೆ. ಅವನು ದಿನಾ ಅಲ್ಲಿಂದ ನಡೆದು ಬರುತ್ತಾನೆ. ನನ್ನ ಗುರುತು ಹಿಡಿದ. ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಅತ್ತೆಗೆ ಹಡಗು, ಗೋವಾ, ಘಟ್ಟ ಎಲ್ಲ ಹೇಳಿದ. ಅವರು ಕೇಳಿದರು, "ಇದರಾಗ ಯಾರು ಇರ್ತಿದ್ರಪ್ಪ?"

"ಕುದುರಿ ಮಾರವ್ರು ಅಂತ ಬೋರ್ಡಿನ್ಯಾಗ ಬರದಾರ್ರಿ ಅಮ್ಮಾರ."

"ಆಮ್ಯಾಲ?"

ಅವನು ಕಂಬದ ಕಡೆ ನೋಡಿದ. "ಆಮ್ಯಾಲ ಯಾರೂ ಇದ್ದಿಲ್ರಿ."

ನಾನು ಕೂಗಿ ಹೇಳಬೇಕಾಗಿದ್ದದ್ದು ಆಗ. ಆಗ ಮಾತ್ರ ಸುಮ್ಮನಿದ್ದೆ.